ಪ್ರಮಾಣಪತ್ರದ ಗಾಡಿಯೂ ಪ್ರಾಮಾಣಿಕವಾದ ಬೆಲೆಯೂ

ಈ ಪುಟದಲ್ಲಿ ದವಸಧಾನ್ಯಗಳ ಸಂಗ್ರಹ, ಮಕ್ಕಳ ವಿದ್ಯಾಭ್ಯಾಸದ ವೆಚ್ಚ, ಮನೆ ಕಟ್ಟುವವರ ಸಾಲ ಮೊದಲಾದ ವಿಷಯಗಳನ್ನು ಓದಿ ರೂಢಿಯುಳ್ಳ ವಾಚಕ ಮಹಾಶಯರು, ಈ ತಿಂಗಳು ಮೋಟಾರು ಕಾರಿನ ವಿಷಯವನ್ನು, ಅದರಲ್ಲಿಯೂ ಮತ್ತೊಬ್ಬರು ಓಡಿಸಿ ಬಿಟ್ಟ ಭಾರಿ ಬೆಲೆಯ ಕಾರಿನ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು, "ಮೇಷ್ಟರಿಗೆ ಇದೇಕೆ ಬೇಕಾಗಿತ್ತು?" ಎಂದು ನಗಬಹುದು. ನಾನು ಇಡೀ ಜೀವಮಾನದಲ್ಲಿ ಬೈಸಿಕಲ್ಲಿಗಿಂತ ದೊಡ್ಡ ವಾಹನವನ್ನು ನಡೆಸಿದವನಲ್ಲ. ಆದರೆ ವ್ಯಾಪಾರದಲ್ಲಿ ಬೆಲೆಯನ್ನು ಕುರಿತು ಆಡುವ ಮಾತು ಗೃಹಸ್ಥಧರ್ಮಕ್ಕೆ ಹೊರಗಿನದಲ್ಲ. ಅಲ್ಲದೆ ಮೂವತ್ತು ಲಕ್ಷದ ವಸ್ತುವಿನಲ್ಲಿ ಮಾಡಿದ ತಪ್ಪು ಮೂವತ್ತು ರೂಪಾಯಿನ ವಸ್ತುವಿನಲ್ಲಿ ಮಾಡಿದ ತಪ್ಪಿನಂತೆ ಸಂಜೆಗೆ ಮರೆತುಹೋಗುವುದಿಲ್ಲ. ಕೆಲವು ತಿಂಗಳ ಹಿಂದೆ ನಾನು ಕಣ್ಣಾರೆ ಕಂಡ ಒಂದು ವ್ಯವಹಾರವನ್ನು ಇಲ್ಲಿ ನಿವೇದಿಸುತ್ತೇನೆ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು. ಅವನಿಗೆ ಜರ್ಮನಿಯ ಕಂಪನಿಯೊಂದರ ಕಾರಿನ ಮೇಲೆ ಬಹುಕಾಲದಿಂದ ಮನಸ್ಸು. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲ. ಕಂಪನಿಯೇ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಟ್ಟು ಮಾರುವ ಹಳೆಯ ಕಾರುಗಳುಂಟೆಂದು ತಿಳಿದು, ಅಂಥದೊಂದನ್ನು ನೋಡಿಟ್ಟಿದ್ದ. ಗಾಡಿಗೆ ಎರಡು ವರ್ಷ ಹತ್ತು ತಿಂಗಳ ವಯಸ್ಸು. ಹೇಳಿದ ಬೆಲೆ ರೂ. 33,50,000. ಅವನ ಕೈಯಲ್ಲಿದ್ದ ನಗದು 12 ಲಕ್ಷ. ಉಳಿದುದು ಬ್ಯಾಂಕಿನ ಸಾಲ. ಆ 12 ಲಕ್ಷದ ಬಹುಭಾಗವು ಊರಿನಲ್ಲಿದ್ದ ಹೊಲದ ಒಂದು ತುಂಡನ್ನು ಮಾರಿ ಬಂದದ್ದು. ಅದು ಅವನ ತಂದೆ ನಲವತ್ತು ವರ್ಷ ಉತ್ತ ನೆಲ. ತಂಗಿ ಬಾಯಿಬಿಟ್ಟು ಏನೂ ಹೇಳಲಿಲ್ಲ. "ನೀನೊಂದು ಸಲ ಜೊತೆಗೆ ಹೋಗಿ ಬಾ, ಅಣ್ಣ" ಎಂದಷ್ಟೆ ಹೇಳಿದಳು. ಆ ಮಾತಿನ ಭಾರ ನನಗೆ ತಿಳಿಯಿತು.

ಹುಡುಗ ನನ್ನನ್ನು ಕರೆದುದಕ್ಕೆ ಮಾತ್ರ ಬೇರೆ ಕಾರಣವಿತ್ತು. ಆ ಮಳಿಗೆಯಲ್ಲಿ ಮಾರಾಟ ನೋಡಿಕೊಳ್ಳುವ ಯುವಕ ನನ್ನ ಹಳೆಯ ವಿದ್ಯಾರ್ಥಿ. "ಮಾವ, ನೀವು ಸುಮ್ಮನೆ ಬಂದು ಕುರ್ಚಿಯಲ್ಲಿ ಕುಳಿತರೆ ಸಾಕು, ಎರಡು ಲಕ್ಷ ತಾನಾಗಿಯೇ ಇಳಿಯುತ್ತದೆ" ಎಂದ. ನನಗೆ ನಗುವೂ ಬಂತು, ಖೇದವೂ ಆಯಿತು. ಆ ಹುಡುಗನಿಗೆ ಪಾಠ ಹೇಳಿದುದಕ್ಕೆ ಸರ್ಕಾರ ನನಗೆ ಸಂಬಳ ಕೊಟ್ಟಿದೆ. ಅದೇ ಪಾಠಕ್ಕೆ ಇಪ್ಪತ್ತು ವರ್ಷಗಳಾದ ಮೇಲೆ ಅವನ ದುಡಿಮೆಯಿಂದ ಮತ್ತೊಮ್ಮೆ ದಕ್ಷಿಣೆ ಕೀಳುವುದು ಯಾವ ನ್ಯಾಯ? ಎರಡು ಷರತ್ತುಗಳನ್ನು ಹಾಕಿ ಹೊರಟೆ: ಗುರುಶಿಷ್ಯ ಸಂಬಂಧವನ್ನು ಬೆಲೆಯ ಮಾತಿಗೆ ತರಕೂಡದು, ಬೇರೆ ಕಡೆ ಇಷ್ಟಕ್ಕೇ ಕೊಡುತ್ತಾರೆಂದು ಇಲ್ಲದುದನ್ನು ಹೇಳಕೂಡದು. "ಹಾಗಾದರೆ ಚೌಕಾಸಿ ಮಾಡುವುದು ಹೇಗೆ?" ಎಂದು ಅವನು ಕೇಳಿದ. ಈ ಲೇಖನವೇ ಅದಕ್ಕೆ ಉತ್ತರ.

ಮೊದಲು ಪ್ರಮಾಣಪತ್ರವೆಂಬುದು ಏಕೆ ಹುಟ್ಟಿತೆಂಬುದನ್ನು ನೋಡೋಣ. ಹಳೆಯ ವಸ್ತುವನ್ನು ಮಾರುವವನಿಗೆ ಅದರ ಗುಣದೋಷಗಳು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಅಂಜಿ ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯ ಒಡೆಯನು ಮಾರಲೊಲ್ಲದೆ ಹಿಂದೆಗೆಯುತ್ತಾನೆ; ಕೆಟ್ಟ ಗಾಡಿಯ ಒಡೆಯನು ಸಂತೋಷದಿಂದ ಮುಂದೆ ಬರುತ್ತಾನೆ. ಕಡೆಗೆ ಸಂತೆಯಲ್ಲಿ ಕೆಟ್ಟವೇ ಹೆಚ್ಚಾಗಿ ಉಳಿಯುತ್ತವೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ ಎಂಬವರು 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿ ಹಿಡಿದು ಈ ತರ್ಕವನ್ನು ನಿರೂಪಿಸಿದರು. 2001ರಲ್ಲಿ ಅವರಿಗೂ ಇನ್ನಿಬ್ಬರಿಗೂ ಕೂಡಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಈ ಅಜ್ಞಾನದ ಕಂದಕಕ್ಕೆ ಹಾಕಿದ ಸೇತುವೆಯೇ ಪ್ರಮಾಣಪತ್ರ. ಮರ್ಸಿಡಿಸ್-ಬೆಂಝ್, ಬಿ.ಎಂ.ಡಬ್ಲ್ಯು, ಆಡಿ ಮೊದಲಾದ ಕಂಪನಿಗಳು ನಮ್ಮ ದೇಶದಲ್ಲಿಯೂ ಈ ಏರ್ಪಾಡನ್ನು ನಡೆಸುತ್ತವೆ.

ನಮ್ಮ ಹಿರಿಯರು ಈ ಕಷ್ಟವನ್ನು ಅರಿಯದವರಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ಕೊಂಡ ವಸ್ತುವನ್ನು ಪರೀಕ್ಷಿಸಲು ಇಂತಿಷ್ಟು ದಿನಗಳೆಂದು ಗೊತ್ತುಮಾಡಿದೆ. ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು, ರತ್ನಕ್ಕೆ ಏಳು, ಹಾಲು ಕರೆಯುವ ಪಶುವಿಗೆ ಮೂರು. ಹೊರೆ ಹೊರುವ, ಗಾಡಿ ಎಳೆಯುವ ವಾಹ್ಯಪಶುವಿಗೆ ಐದು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು ಎಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಎತ್ತಿಗೆ ಐದು ದಿನಗಳ ಪರೀಕ್ಷೆಯನ್ನು ಬೇಡಿದ ಸಂಪ್ರದಾಯದಲ್ಲಿ ಹುಟ್ಟಿದ ನಾವು, ಮೂವತ್ತು ಲಕ್ಷದ ಗಾಡಿಯನ್ನು ಅರ್ಧ ಗಂಟೆ ಓಡಿಸಿ ನೋಡಿ ಮುಂಗಡ ಕೊಟ್ಟು ಬರುತ್ತೇವೆ. 1930ರ ಸರಕು ಮಾರಾಟದ ಕಾನೂನಿನ ಸಾಮಾನ್ಯ ನಿಯಮವೂ, ಕೆಲವು ಅಪವಾದಗಳನ್ನು ಬಿಟ್ಟರೆ, ಕೊಳ್ಳುವವನೇ ಎಚ್ಚರದಿಂದಿರತಕ್ಕದ್ದು ಎಂಬುದೇ. ಆದುದರಿಂದ ಬೆಲೆಯ ಮಾತಿಗೆ ಮುಂಚೆ ಪರೀಕ್ಷೆ. ಇದು ಮೊದಲನೆಯ ಸೂತ್ರ.

ನಾನು ಚಿಕ್ಕವನಾಗಿದ್ದಾಗ ನಮ್ಮ ತಂದೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಎತ್ತಿನ ಹಲ್ಲು ನೋಡಿ ವಯಸ್ಸು ತಿಳಿಯುವರು, ಸುಳಿ ನೋಡುವರು, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುವರು. ಅದೆಲ್ಲ ಮುಗಿದ ಮೇಲೆಯೇ ದಳ್ಳಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಸೂಚಿಸುತ್ತಿದ್ದುದು. ಕಾರಿಗೂ ಹಲ್ಲುಗಳುಂಟು ಎಂಬುದನ್ನು ಈ ಸಲ ಕಲಿತೆ. ಚಕ್ರದ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. ಮೊದಲಿನ ಎರಡು ವಾರವನ್ನೂ ಕಡೆಯ ಎರಡು ವರ್ಷವನ್ನೂ ಹೇಳುತ್ತವೆ. 2322 ಎಂದಿದ್ದರೆ ಆ ಟೈರು 2022ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಬಾಗಿಲು, ಬಾನೆಟ್ಟು ಮೊದಲಾದವುಗಳ ಮೇಲಿನ ಬಣ್ಣದ ದಪ್ಪವನ್ನು ಅಳೆಯುವ ಒಂದು ಸಣ್ಣ ಯಂತ್ರವುಂಟು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನಿನ ಸುಮಾರಿನಲ್ಲಿರುತ್ತದೆ. ಅದರ ಎರಡರಷ್ಟು ಕಂಡರೆ ಅಲ್ಲಿ ಮತ್ತೆ ಬಣ್ಣ ಹೊಡೆದಿದೆಯೆಂದು ತಿಳಿಯಬೇಕು. ಓಡಿದ ಕಿಲೋಮೀಟರನ್ನು ಮೀಟರಿನಲ್ಲಿ ಮಾತ್ರ ನೋಡದೆ, ಸರ್ವಿಸ್ ಮಾಡಿಸಿದ ಪ್ರತಿಯೊಂದು ದಾಖಲೆಯಲ್ಲಿ ಬರೆದ ಅಂಕಿಯೊಡನೆ ಹೋಲಿಸಬೇಕು. ಸರ್ಕಾರದ ವಾಹನ್ ದಾಖಲೆಯಲ್ಲಿ ಎಷ್ಟನೆಯ ಒಡೆಯ, ವಿಮೆ ಎಂದಿನವರೆಗೆ, ಸಾಲದ ಅಡವಿದೆಯೇ ಎಂಬುದನ್ನು ನೋಡಬೇಕು. ಇವೆಲ್ಲಕ್ಕೂ ಮಿಗಿಲಾಗಿ, ಮಳಿಗೆಗೆ ಸೇರದ ಒಬ್ಬ ಅನುಭವಸ್ಥ ಮೆಕ್ಯಾನಿಕ್ಕಿಗೆ ಕೂಲಿ ಕೊಟ್ಟು ಕರೆದುಕೊಂಡು ಹೋಗಬೇಕು.

ನಾವು ಹಾಗೆಯೇ ಮಾಡಿದೆವು. ಮೆಕ್ಯಾನಿಕ್ಕು ಎರಡು ಗಂಟೆ ನೋಡಿ ಮೂರು ಸಂಗತಿಗಳನ್ನು ಹೇಳಿದ. ನಾಲ್ಕು ಟೈರುಗಳೂ ಸವೆದಿದ್ದವು. ಬೇರೆ ಅಂಗಡಿಯಲ್ಲಿ ಬರೆಸಿ ತಂದ ಲೆಕ್ಕದಂತೆ ಹೊಸವಕ್ಕೆ ರೂ. 96,000. ಬ್ರೇಕಿನ ಬಿಲ್ಲೆಗಳು ತಟ್ಟೆಗಳೊಡನೆ ಶೀಘ್ರದಲ್ಲಿಯೇ ಬದಲಾಗಬೇಕು, ಅದಕ್ಕೆ ರೂ. 58,000. ಮೂರನೆಯದು, ಹಿಂದಿನ ಬಲಬಾಗಿಲಿನಲ್ಲಿ ಯಂತ್ರವು 310 ಮೈಕ್ರಾನ್ ತೋರಿಸಿತು.

ಪ್ರಮಾಣಪತ್ರದ ಹಾಳೆಯಲ್ಲಿ ಈ ಬಾಗಿಲಿನ ಮಾತೇ ಇರಲಿಲ್ಲ. ಹಾಳೆ ಸುಳ್ಳು ಹೇಳಿರಲಿಲ್ಲ. ಬಾಗಿಲು ಸರಿಯಾಗಿ ಮುಚ್ಚುತ್ತದೆ, ಗಾಜು ಏರಿ ಇಳಿಯುತ್ತದೆ ಎಂದು ಬರೆದಿತ್ತು, ಅದು ನಿಜವೇ. ಆದರೆ ಮೌನವಾಗಿತ್ತು. ನಾನು ಆ ಯುವಕನನ್ನು, "ಏನಪ್ಪಾ, ಈ ಬಾಗಿಲಿಗೆ ಏನಾಗಿತ್ತು?" ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ಒಂದು ಕ್ಷಣದಲ್ಲಿ ಅವನ ಮನಸ್ಸಿನಲ್ಲಿ ನಡೆದ ತೂಗಾಟವನ್ನು ನಾನು ಊಹಿಸಬಲ್ಲೆ. ತಿಂಗಳ ಮಾರಾಟದ ಗುರಿ, ಮೇಲಿನವರ ಮಾತು, ಎದುರಿಗೆ ಹಳೆಯ ಮೇಷ್ಟರು. ನಾನು ಬಾರದೆ ಇದ್ದಿದ್ದರೆ ಏನು ಹೇಳುತ್ತಿದ್ದನೋ ಅರಿಯೆ. "ಸಾರ್, ನೆಲಮಾಳಿಗೆಯ ಕಂಬಕ್ಕೆ ಉಜ್ಜಿತ್ತು, ವಿಮೆಯಲ್ಲಿ ರಿಪೇರಿ ಮಾಡಿಸಿದ್ದಾರೆ, ಕಾಗದ ಇದೆ, ತಂದು ತೋರಿಸುತ್ತೇನೆ" ಎಂದ. ತಂದು ತೋರಿಸಿಯೂ ತೋರಿಸಿದ. ಒಳಗಿನ ಚೌಕಟ್ಟಿಗೆ ಪೆಟ್ಟಾಗಿರಲಿಲ್ಲವೆಂದು ಮೆಕ್ಯಾನಿಕ್ಕು ದೃಢಪಡಿಸಿದ.

ನನ್ನ ಸೋದರಳಿಯನ ಮುಖ ಅರಳಿತು. ನನ್ನನ್ನು ಪಕ್ಕಕ್ಕೆ ಕರೆದು, "ಮಾವ, ಸಿಕ್ಕಿಬಿದ್ದರು. ಈಗ ನಾಲ್ಕು ಲಕ್ಷ ಇಳಿಸಿ, ಇಲ್ಲವಾದರೆ ಕಂಪನಿಗೆ ದೂರು ಬರೆಯುತ್ತೇನೆ ಎನ್ನುತ್ತೇನೆ" ಎಂದ. ನಾನು ತಡೆದೆ. ನಿಜ ಹೇಳಿದವನಿಗೆ ನಿಜ ಹೇಳಿದುದಕ್ಕಾಗಿ ದಂಡ ಹಾಕಿದರೆ ಮುಂದಿನ ಗಿರಾಕಿಗೆ ಅವನು ನಿಜ ಹೇಳುವನೇ? ದೋಷದ ಬೆಲೆಯನ್ನು ಕೇಳುವುದು ನ್ಯಾಯ. ದೋಷ ಸಿಕ್ಕಿತೆಂದು ಸುಲಿಗೆ ಮಾಡುವುದು ಬೇರೆ. ಹುಡುಗನಿಗೆ ಸ್ವಲ್ಪ ಕೋಪ ಬಂತು. ಹೊಲ ಮಾರಿದ ಹಣ ಅವನದು, ಧರ್ಮಬೋಧೆ ನನ್ನದು. ಈ ಆಕ್ಷೇಪದಲ್ಲಿ ಅರ್ಥವಿಲ್ಲವೆಂದು ನಾನು ಹೇಳಲಾರೆ. ಆದುದರಿಂದ ಅವನ ಹಣಕ್ಕೆ ನಷ್ಟವಾಗದ ಹಾಗೆ ಲೆಕ್ಕದ ದಾರಿಯನ್ನು ತೋರಿಸುವುದು ನನ್ನ ಹೊಣೆಯಾಯಿತು. ಅಂದು ಬೆಲೆ ಮಾತನಾಡದೆ ಎದ್ದು ಬಂದೆವು.

ಮನೆಯಲ್ಲಿ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಈ ಗಾಡಿ ಹೊಸದಾಗಿದ್ದಾಗ ಮಳಿಗೆಯ ಬೆಲೆ 46 ಲಕ್ಷ. ಮಾರುವವರು ಆ 46 ಲಕ್ಷದಿಂದ ಇಳಿಸಿಕೊಂಡು ಬಂದು 33,50,000 ಎಂದಿದ್ದರು. ಆದರೆ 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಜಿ.ಎಸ್.ಟಿ. ಶೇ. 40 ಆಯಿತು. ಅದಕ್ಕೆ ಮುಂಚೆ ಸೆಸ್ ಸೇರಿ ಈ ವರ್ಗದ ಗಾಡಿಗೆ ಶೇ. 48 ಇತ್ತು. ಅಂದಮೇಲೆ ಅದೇ ಗಾಡಿ ಹೊಸದಾಗಿ ಈಗ ಸುಮಾರು 43,50,000ಕ್ಕೆ ದೊರೆಯಬೇಕು. ಹಳೆಯದರ ಬೆಲೆಯನ್ನು ಇಂದಿನ ಹೊಸದರೊಡನೆ ತೂಗಬೇಕೇ ಹೊರತು ಅಂದಿನ ಹೊಸದರೊಡನೆ ಅಲ್ಲ. ವಿಮೆಯ ಬೆಲೆ ಕಟ್ಟಲು 2002ರ ಭಾರತೀಯ ಮೋಟಾರು ಟ್ಯಾರಿಫಿನಲ್ಲಿ ಒಂದು ಕ್ರಮ ಕೊಟ್ಟಿತ್ತು: ಗಾಡಿಗೆ ಒಂದರಿಂದ ಎರಡು ವರ್ಷವಾಗಿದ್ದರೆ ಶೇ. 20 ಕಳೆಯತಕ್ಕದ್ದು, ಎರಡರಿಂದ ಮೂರಕ್ಕೆ ಶೇ. 30, ಮೂರರಿಂದ ನಾಲ್ಕಕ್ಕೆ ಶೇ. 40, ನಾಲ್ಕರಿಂದ ಐದಕ್ಕೆ ಶೇ. 50. ಇದು ಪೇಟೆಯ ಬೆಲೆಯಲ್ಲ, ಆದರೆ ಅಳತೆಗೋಲಾಗಬಲ್ಲದು. 43,50,000ದಲ್ಲಿ ಶೇ. 30 ಕಳೆದರೆ 30,45,000. ಇನ್ನೆರಡು ತಿಂಗಳಲ್ಲಿ ಗಾಡಿಗೆ ಮೂರು ತುಂಬಿದರೆ ಅಳತೆಗೋಲು ಇನ್ನೂ ಕೆಳಕ್ಕೆ ಇಳಿಯುತ್ತದೆ.

ಮಾರುವವನ ಪಕ್ಷವನ್ನೂ ಬರೆದುಕೊಂಡೆವು; ಚೌಕಾಸಿಯಲ್ಲಿ ಇದನ್ನು ಬಹಳ ಮಂದಿ ಮರೆಯುತ್ತಾರೆ. ಕರ್ಣಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್. ಮೊದಲ ಒಡೆಯ ಎಂಟು ಲಕ್ಷಕ್ಕೂ ಮಿಕ್ಕಿ ಕಟ್ಟಿದ ಈ ತೆರಿಗೆಯ ಫಲ ಗಾಡಿಯೊಡನೆ ನಮಗೆ ಬರುತ್ತದೆ. ಮಳಿಗೆಯವನು ಗಾಡಿಯನ್ನು ಕೊಂಡಿದ್ದಾನೆ, ತೊಳೆದು ತಿದ್ದಿದ್ದಾನೆ, ಒಂದು ವರ್ಷದ ವಾರಂಟಿ ಹೊರುತ್ತಾನೆ, ತನ್ನ ಲಾಭಾಂಶದ ಮೇಲೆ ಶೇ. 18 ಜಿ.ಎಸ್.ಟಿ. ಕಟ್ಟುತ್ತಾನೆ, ಲಾಭಾಂಶ 3 ಲಕ್ಷವಾದರೆ ತೆರಿಗೆಯೇ 54,000. ಆದಕಾರಣ ಬೀದಿಯಲ್ಲಿ ಒಬ್ಬೊಬ್ಬರೇ ಮಾರುವ ಬೆಲೆಗೆ ಅವನು ಕೊಡಲಾರ. ಆದರೆ ನಿಂತ ಗಾಡಿ ಅವನಿಗೂ ಭಾರವೇ. ಅವನು 29 ಲಕ್ಷಕ್ಕೆ ಕೊಂಡಿದ್ದರೆ, ಶೇ. 10ರ ಬಡ್ಡಿಯಂತೆ ತಿಂಗಳಿಗೆ ಸುಮಾರು 24,000, ದಿನಕ್ಕೆ 800 ರೂಪಾಯಿ, ಗಾಡಿ ನಿಂತಲ್ಲಿಯೇ ತಿನ್ನುತ್ತದೆ. ಅದು ಎಪ್ಪತ್ತು ದಿನಗಳಿಂದ ನಿಂತಿತ್ತೆಂಬುದು ಜಾಹೀರಾತಿನ ತಾರೀಖಿನಿಂದಲೇ ತಿಳಿದಿತ್ತು. ಎದುರಾಳಿಯ ಮನೆಯ ಲೆಕ್ಕ ತಿಳಿದವನಿಗೆ ಕೂಗಾಡುವ ಅವಶ್ಯಕತೆಯಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಇಂಥದೇ ಗಾಡಿ ಹೊರರಾಜ್ಯದ ನಂಬರಿನದು ನಾಲ್ಕೈದು ಲಕ್ಷ ಅಗ್ಗಕ್ಕೆ ಸಿಗುತ್ತದೆಂದು ಹುಡುಗನ ಸ್ನೇಹಿತರು ಹೇಳಿದ್ದರು. ಅಂಥದನ್ನು ತಂದು ಇಲ್ಲಿಯೇ ಇಟ್ಟುಕೊಂಡರೆ ಆ ರಾಜ್ಯದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಜೀವಾವಧಿ ತೆರಿಗೆ ಕಟ್ಟಬೇಕು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಹೀಗೆ ತೆರಿಗೆ ಕಟ್ಟದ ಹೊರರಾಜ್ಯದ ಭಾರಿ ಕಾರುಗಳನ್ನು ಹಿಡಿದರು. ಅಗ್ಗವೆಂಬುದು ಕೆಲವು ವೇಳೆ ಮುಂದೂಡಿದ ಖರ್ಚಿನ ಇನ್ನೊಂದು ಹೆಸರು.

ಎರಡನೆಯ ಭೇಟಿಯಲ್ಲಿ ಮಳಿಗೆಯವರು ಮೊದಲು ಬೆಲೆಯನ್ನೇ ಹೇಳಲಿಲ್ಲ. ಸಾಲದ ವಿಭಾಗದ ಮತ್ತೊಬ್ಬರು ಬಂದು, "ತಿಂಗಳಿಗೆ ಕೇವಲ 33,000 ಕಟ್ಟಿದರೆ ಸಾಕು" ಎಂದರು. ಈ 'ಕೇವಲ' ಎಂಬ ಅವ್ಯಯವನ್ನು ಕಂಡಲ್ಲಿ ಗೃಹಸ್ಥನು ನಿಂತು ಲೆಕ್ಕ ಮಾಡಬೇಕು. 20 ಲಕ್ಷ ಸಾಲಕ್ಕೆ ಶೇ. 10ರ ಬಡ್ಡಿಯಂತೆ ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 33,200. ಒಟ್ಟು ಬಡ್ಡಿ 7,89,000. ಅದೇ ಸಾಲಕ್ಕೆ ಐದು ವರ್ಷವಾದರೆ ಕಂತು ಸುಮಾರು 42,500, ಬಡ್ಡಿ 5,50,000. ಕಂತು ಹಗುರವಾಯಿತೆಂದು ಹಿಗ್ಗಿದವನು 2,39,000 ಹೆಚ್ಚು ಕೊಟ್ಟಂತಾಯಿತು. ಚೌಕಾಸಿಯಲ್ಲಿ ಗೆದ್ದ ಎರಡು ಲಕ್ಷವನ್ನು ಪಕ್ಕದ ಮೇಜಿನಲ್ಲಿ ಸೋತ ಹಾಗೆ. ಆದುದರಿಂದ ಗಾಡಿಯ ಬೆಲೆ, ಸಾಲ, ವಿಮೆ, ಹೆಚ್ಚಿನ ವಾರಂಟಿ, ಕೊಡುವ ಹಳೆಯ ಗಾಡಿಯ ಬೆಲೆ, ಇವು ಐದನ್ನೂ ಐದು ಬೇರೆ ಬೇರೆ ವ್ಯವಹಾರಗಳೆಂದು ತಿಳಿದು ಒಂದಾದ ಮೇಲೊಂದನ್ನು ಮುಗಿಸಬೇಕು. "ಮೊದಲು ಗಾಡಿಯ ಒಟ್ಟು ಬೆಲೆಯನ್ನು ಕಾಗದದ ಮೇಲೆ ಬರೆಯಿರಿ" ಎಂದು ಕೇಳಿದೆವು. ಬರೆದಾಗ ಕಂಡದ್ದು ರೂ. 33,75,000. ಹೆಚ್ಚಾದ 25,000 ಏನೆಂದರೆ 'ನಿರ್ವಹಣಾ ವೆಚ್ಚ'. ಏನನ್ನು ನಿರ್ವಹಿಸಿದುದಕ್ಕೆ ಎಂದು ಕೇಳಿದಾಗ ಉತ್ತರ ಬರಲಿಲ್ಲ; ಸಾಲು ಅಳಿಸಿಹೋಯಿತು. ಶೇ. 1ರ ಮತ್ತೊಂದು ಸಾಲಿಗೆ ಮಾತ್ರ ನಾವು ಆಕ್ಷೇಪಿಸಲಿಲ್ಲ. ಹತ್ತು ಲಕ್ಷ ಮೀರಿದ ಮೋಟಾರು ವಾಹನದ ಮಾರಾಟದಲ್ಲಿ ಮಾರುವವನು ಹಿಡಿದು ಕಟ್ಟುವ ಆದಾಯ ತೆರಿಗೆ ಅದು. ಕೊಂಡವನ ಹೆಸರಿಗೇ ಜಮೆಯಾಗಿ ವರ್ಷದ ಲೆಕ್ಕದಲ್ಲಿ ಹಿಂದಕ್ಕೆ ಬರುತ್ತದೆ.

ಅನಂತರ ಹುಡುಗನೇ ಮಾತನಾಡಿದ. ನಾನು ಹೇಳಿಕೊಟ್ಟಂತೆ ಗಾಡಿಯನ್ನು ಹಳಿಯಲಿಲ್ಲ. ತನಗೆ ಅದು ಇಷ್ಟವಾಗಿದೆಯೆಂಬುದನ್ನು ಮರೆಸಲೂ ಇಲ್ಲ. ಟೈರಿಗೆ 96,000, ಬ್ರೇಕಿಗೆ 58,000 ಎಂಬ ಲೆಕ್ಕದ ಕಾಗದಗಳನ್ನು ಮುಂದಿಟ್ಟ. ಬಾಗಿಲಿನ ಬಣ್ಣಕ್ಕಾಗಿ ನಾಳೆ ತಾನು ಮಾರುವಾಗ ಕಡಿಮೆಯಾಗುವ ಬೆಲೆಯಲ್ಲಿ 50,000 ಎಂದ. ಹೊಸ ತೆರಿಗೆಯಿಂದ ಇಳಿದ ಹೊಸ ಗಾಡಿಯ ಬೆಲೆಯನ್ನು ತೋರಿಸಿದ. ಇವೆಲ್ಲವನ್ನೂ ಸೇರಿಸಿ 31 ಲಕ್ಷ ಎಂದು ಹೇಳಿ ಸುಮ್ಮನಾದ. ಹೇಳಿದ ಮೇಲೆ ಸುಮ್ಮನಿರುವುದು ಕಷ್ಟ. ನನ್ನ ನಾಲಗೆಯೇ ಎರಡು ಸಲ ತುಡಿಯಿತು. ಮಳಿಗೆಯವರು 32,60,000 ಎಂದರು. ಹುಡುಗ ನಮಸ್ಕಾರ ಮಾಡಿ, "ಯೋಚಿಸಿ ತಿಳಿಸಿ, ನನ್ನ ಶಕ್ತಿ ಇಷ್ಟೇ" ಎಂದು ಎದ್ದ. ಅದು ನಟನೆಯಾಗಿರಲಿಲ್ಲ. 32 ಲಕ್ಷದ ಮೇಲೆ ಹೋಗುವುದಿಲ್ಲವೆಂದು ಹಿಂದಿನ ರಾತ್ರಿ ತಾಯಿಗೆ ಮಾತು ಕೊಟ್ಟಿದ್ದ. ಎದ್ದು ಹೋಗಬಲ್ಲವನಿಗೆ ಮಾತ್ರ ಕುಳಿತು ಮಾತನಾಡುವ ಬಲವಿರುತ್ತದೆ. ಈ ಗಡಿಯನ್ನು ಮನೆಯಲ್ಲಿಯೇ, ಗಾಡಿಯ ಚರ್ಮದ ಆಸನದ ಮೇಲೆ ಕೂರುವುದಕ್ಕೆ ಮುಂಚೆಯೇ, ಗೊತ್ತುಮಾಡಿಕೊಳ್ಳಬೇಕು.

ನಾಲ್ಕನೆಯ ದಿನ, ತಿಂಗಳ ಕೊನೆಯ ವಾರದಲ್ಲಿ, ಆ ಯುವಕನ ಫೋನ್ ಬಂದಿತು. ಕಡೆಗೆ ಕುದುರಿದುದು ಹೀಗೆ: ಬೆಲೆ ರೂ. 31,75,000, ನಾಲ್ಕು ಹೊಸ ಟೈರುಗಳನ್ನೂ ಬ್ರೇಕಿನ ಭಾಗಗಳನ್ನೂ ಅವರೇ ಹಾಕಿಸಿಕೊಡುವುದು, ನಿರ್ವಹಣಾ ವೆಚ್ಚವಿಲ್ಲ. ಬರೆದು ತೋರಿಸಿದ 33,75,000ಕ್ಕಿಂತ ನಗದಿನಲ್ಲಿ 2 ಲಕ್ಷ, ಸಾಮಾನಿನಲ್ಲಿ 1,54,000, ಒಟ್ಟು 3,54,000 ಉಳಿಯಿತು. ಬೆಲೆ ಇಳಿಸಲಾರದ ವ್ಯಾಪಾರಿ ಸಾಮಾನು ಕೊಡಬಲ್ಲ. ಅವನಿಗೆ ಅದರ ಖರ್ಚು ನಮಗಿಂತ ಕಡಿಮೆ. ಇದನ್ನು ನೆನಪಿಟ್ಟರೆ ಇಬ್ಬರಿಗೂ ಲಾಭ. ಬೆದರಿಸಿ ಕೇಳಬೇಕೆಂದಿದ್ದ ನಾಲ್ಕು ಲಕ್ಷಕ್ಕೂ ಲೆಕ್ಕ ಹೇಳಿ ಪಡೆದ ಮೂರೂವರೆ ಲಕ್ಷಕ್ಕೂ ಅಂತರ ದೊಡ್ಡದಲ್ಲವೆಂದು ನನ್ನ ಸೋದರಳಿಯನೂ ಒಪ್ಪಿದ.

ವಾರಂಟಿಯ ಕಾಗದವನ್ನು ಸಹಿ ಹಾಕುವ ಮುಂಚೆ ಓದಿದೆವು. ಎಷ್ಟು ತಿಂಗಳು, ಎಷ್ಟು ಕಿಲೋಮೀಟರು, ಯಾವ ಭಾಗಗಳಿಗೆ, ದೇಶದ ಎಲ್ಲ ಕೇಂದ್ರಗಳಲ್ಲಿಯೂ ನಡೆಯುವುದೇ, ಕೊಟ್ಟವರು ಕಂಪನಿಯೋ ಮಳಿಗೆಯೋ, ಇವು ನೋಡತಕ್ಕ ಅಂಶಗಳು. ಟೈರು, ಬ್ರೇಕಿನ ಬಿಲ್ಲೆ ಮೊದಲಾದ ಸವೆಯುವ ಭಾಗಗಳು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಆದ್ದರಿಂದಲೇ ಅವುಗಳ ಲೆಕ್ಕವನ್ನು ಬೆಲೆಯಲ್ಲಿಯೇ ತೀರಿಸಿಕೊಳ್ಳಬೇಕು. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗೆ ಸಾರಿಗೆ ಇಲಾಖೆಯ ಅಧಿಕಾರಪತ್ರ ಬೇಕೆಂಬ ನಿಯಮ ಬಂದಿದೆ. ಅದನ್ನು ಕೇಳಿ ನೋಡಬಹುದು. ಕೊಂಡವನು ಮೂವತ್ತು ದಿನಗಳೊಳಗೆ ಒಡೆತನದ ವರ್ಗಾವಣೆಗೆ, ಹದಿನಾಲ್ಕು ದಿನಗಳೊಳಗೆ ವಿಮೆಯ ವರ್ಗಾವಣೆಗೆ ಅರ್ಜಿ ಕೊಡತಕ್ಕದ್ದು. ಹಿಂದಿನ ಒಡೆಯ ಕ್ಲೇಮು ಮಾಡದೆ ಗಳಿಸಿದ ವಿಮೆಯ ರಿಯಾಯತಿ ಅವನದೇ. ಗಾಡಿಯೊಡನೆ ಅದು ಬರುವುದಿಲ್ಲ.

ಗಾಡಿ ಮನೆಗೆ ಬಂತು. ತಂಗಿ ಆರತಿ ಎತ್ತಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಸ್ವಲ್ಪ ಹೊತ್ತು ಗಾಡಿಯ ಮೇಲೆ ಕೈಯಿಟ್ಟು ನಿಂತಳು. ಅವಳ ಮನಸ್ಸಿನಲ್ಲಿ ಹೊಲವಿತ್ತೋ, ಮಗನ ಸಂತೋಷವಿತ್ತೋ, ಎರಡೂ ಇದ್ದವೋ, ನಾನು ಕೇಳಲಿಲ್ಲ. ಇಂಥ ಗಾಡಿ ಗೃಹಸ್ಥನಿಗೆ ಅವಶ್ಯಕವೇ ಎಂಬ ಪ್ರಶ್ನೆಯನ್ನೂ ನಾನು ಎತ್ತುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ: ಗಾಡಿ ಹಳೆಯದಾದ ಮಾತ್ರಕ್ಕೆ ಅದರ ಬಿಡಿಭಾಗಗಳೂ ಸರ್ವಿಸಿನ ಖರ್ಚೂ ಹಳೆಯ ಬೆಲೆಗೆ ಸಿಗುವುದಿಲ್ಲ. 46 ಲಕ್ಷದ ಗಾಡಿಯನ್ನು 31 ಲಕ್ಷಕ್ಕೆ ಕೊಂಡರೂ ಅದರ ಸೇವೆ 46 ಲಕ್ಷದ ಗಾಡಿಯ ಸೇವೆಯೇ. ಆ ವಾರ್ಷಿಕ ವೆಚ್ಚವನ್ನು ಮೊದಲೇ ತೆಗೆದಿಡಲಾರದವನು ಚೌಕಾಸಿಯಲ್ಲಿ ಎಷ್ಟು ಗೆದ್ದರೂ ಪ್ರಯೋಜನವಿಲ್ಲ.

ಕಡೆಯದಾಗಿ ನನ್ನ ತಪ್ಪನ್ನೂ ಹೇಳಿಬಿಡಬೇಕು. ಒಂದು ವಾರದ ಮೇಲೆ ಸೋದರಳಿಯ ಬಂದು, "ಮಾವ, ಇಂಥ ಗಾಡಿಗೆ ಎರಡು ಕೀಲಿ ಇರಬೇಕಂತೆ, ನಮಗೆ ಕೊಟ್ಟದ್ದು ಒಂದೇ" ಎಂದ. ಆ ಕೀಲಿ ನಮ್ಮ ಮನೆಯ ಬೀಗದ ಕೀಲಿಯಂಥದಲ್ಲ. ಹೊಸದು ಮಾಡಿಸಲು ಹತ್ತಾರು ಸಾವಿರ ಬೇಕು. ಟೈರು, ಬ್ರೇಕು, ಬಾಗಿಲು ಎಲ್ಲವನ್ನೂ ಬರೆಸಿಕೊಂಡ ನಾನು ಕೀಲಿಯನ್ನು ಎಣಿಸಿರಲಿಲ್ಲ. ಯುವಕನಿಗೆ ಫೋನ್ ಮಾಡಿ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ನಗುತ್ತ, "ಮೇಷ್ಟ್ರೇ, ಆನೆಯನ್ನು ಮಾರಿದ ಮೇಲೆ ಅಂಕುಶಕ್ಕೇಕೆ ಜಗಳ ಎಂದು ಒಂಬತ್ತನೆಯ ತರಗತಿಯಲ್ಲಿ ನೀವೇ ಅಲ್ಲವೇ ಹೇಳಿಕೊಟ್ಟದ್ದು? ಹಿಂದಿನ ಒಡೆಯರೇ ಒಂದು ಕೀಲಿ ಕಳೆದಿದ್ದರು. ನೀವು ಅಂದೇ ಕೇಳಿದ್ದರೆ ಅದನ್ನೂ ಬರೆದುಕೊಡುತ್ತಿದ್ದೆ" ಎಂದ. ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ನನಗೂ ಉತ್ತರವಿರಲಿಲ್ಲ.

ಆ ನಾಣ್ಣುಡಿಯನ್ನು ಮೂವತ್ತು ವರ್ಷ ಮಾರುವವನ ಕಡೆಯಿಂದಲೇ ಕಲಿಸಿಕೊಂಡು ಬಂದೆ. ಕೊಳ್ಳುವವನ ಕಡೆಯಿಂದ ಅದರ ಅರ್ಥ ಬೇರೆ: ಅಂಕುಶವನ್ನು ಆನೆಗೆ ಹಣ ಕೊಡುವ ಮುಂಚೆಯೇ ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳತಕ್ಕದ್ದು. ಕೀಲಿಯ ಖರ್ಚಿನಲ್ಲಿ ಅರ್ಧವನ್ನು ನನ್ನ ಪಿಂಚಣಿಯಿಂದ ಕೊಟ್ಟೆ. ವಾಚಕರು ಕಾರನ್ನೇ ಕೊಳ್ಳಲಿ, ಮನೆಯನ್ನೇ ಕೊಳ್ಳಲಿ, ಕೀಲಿಗಳೆಷ್ಟು ಎಂದು ಮೊದಲು ಎಣಿಸಲಿ.